ಇಕ್ಕಿದ್ದನ್ನು ಆಡಿದ ಜಲಜಕ್ಕ

ಮಡಕಶಿರಾ ದಾಟಿ ಇನ್ನೂ ಒಳಕ್ಕೆ ಹೋದರೆ ಗುಂಡ್ಲಹಟ್ಟಿ ಅಂತ ಒಂದು ಊರು. ಮನೆಯಲ್ಲಿ ಆಡುವುದು ಕನ್ನಡ, ರೇಷನ್ ಕಾರ್ಡು ಮಾತ್ರ ತೆಲುಗು. ಕರ್ನಾಟಕದ ಬಸ್ಸು ಗಡಿಕಲ್ಲಿನ ತನಕ ಬಂದು, ಊರಿನ ಒಲೆಹೊಗೆ ಕಾಣುವಷ್ಟು ಹತ್ತಿರದಲ್ಲಿ ಮೂತಿ ತಿರುಗಿಸಿಕೊಂಡು ಹೋಗಿಬಿಡುತ್ತದೆ. ಕರ್ನಾಟಕದವರನ್ನು ಕೇಳಿದರೆ ನೀವು ಆಂಧ್ರದೋರು ಅನ್ನುತ್ತಾರೆ. ಆಂಧ್ರದವರನ್ನು ಕೇಳಿದರೆ ನೀವು ಕನ್ನಡದೋರು. ಇಬ್ಬರ ನಡುವೆ ಬೆಳೆದ ಗಂಡುಹುಡುಗರು ಯಾರನ್ನೂ ಕೇಳದೆ ವಿಶಾಖಪಟ್ಟಣ ಸೇರಿ, ಮಧುರವಾಡದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್ ಕೂರಿಸುತ್ತಾರೆ. ಹೆಣ್ಣುಮಕ್ಕಳಿಗೆ ಆ ದಾರಿಯೂ ಇಲ್ಲ.

ಇಂಥ ಊರಿಗೆ ಇದ್ದ ಒಂದೇ ಭಾಗ್ಯವೆಂದರೆ ಹಾಲ್ಟಿಂಗ್ ಬಸ್ಸು. ದೀಪ ಹಚ್ಚುವ ಹೊತ್ತಿಗೆ ಬಂದು, ಊರಲ್ಲೇ ಮಲಗಿ, ಕೋಳಿ ಕೂಗಿದ ಮೇಲೆ ಹಿಂದೂಪುರಕ್ಕೆ ಹೊರಡುವ ಆಂಧ್ರದ ಬಸ್ಸು. ಡ್ರೈವರು, ಕಂಡಕ್ಟರಿಗೆ ಊಟ ಹಾಕುವುದು ಊರಿನ ಸರದಿ, ದಿನಕ್ಕೊಂದು ಮನೆ. ಮುದ್ದೆ ತಿರುವಿದ ಮನೆಯಲ್ಲಿ ಮುದ್ದೆ, ಕೋಳಿ ಕೊಯ್ದ ಮನೆಯಲ್ಲಿ ಕೋಳಿ. ಕೈಕಾಲಿಗೆ ಬಿಸಿನೀರು, ಮಲಗಲು ಚಾಪೆ, ಹೊದೆಯಲು ಕಂಬಳಿ. ಯಾರೂ ಕಾಸು ಕೇಳಲಿಲ್ಲ. ಇಂದು ನಮ್ಮನೆಯಲ್ಲಿ ಉಂಡರು ಅಂತ ಯಾರೂ ಹೇಳಿಕೊಳ್ಳಲೂ ಇಲ್ಲ. ಇಕ್ಕಿದ್ದನ್ನು ಬಾಯಿಬಿಟ್ಟು ಆಡಿದರೆ ಇಕ್ಕಿದ ಕೈಗೆ ಹುಳ ಬೀಳುತ್ತದೆ ಅಂತ ಆ ಊರಿನ ಅಜ್ಜಿಯರು ಹೇಳಿಕೊಟ್ಟಿದ್ದರು.

ಜಲಜಕ್ಕನ ಮಗಳು ಇಂಚರಾ ಆ ಬಸ್ಸಿನಲ್ಲೇ ಹಿಂದೂಪುರದ ನರ್ಸಿಂಗ್ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಸಂಜೆ ಬಸ್ಸು ಬರಲಿಲ್ಲ. ಮರುದಿನವೂ ಇಲ್ಲ. ಹುಡುಗಿ ಜಾಲಿಮುಳ್ಳಿನ ದಾರಿಯಲ್ಲಿ ಮೇನ್ ರೋಡಿನ ತನಕ ನಡೆದಳು, ಕಾಲೇಜು ಮುಟ್ಟುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದರು. ಜಲಜಕ್ಕನ ಮೈದುನ ಕೆಂಪಣ್ಣ ಇದನ್ನೇ ಕಾಯುತ್ತಿದ್ದ.

"ಅತ್ಗೆ, ಬಸ್ಸೇ ಹೇಳ್ತಲ್ಲ, ಓದಿದ್ದು ಸಾಕು ಅಂತ. ನಮ್ಮೂರಿಗೆ ಹೆಣ್ಣು ಕೊಡೋರಿಲ್ಲ, ನಮ್ಮೂರ ಹೆಣ್ಣನ್ನ ಕೇಳಿಕೊಂಡು ಬಂದವ್ರೆ. ಬರೋ ಶ್ರಾವಣದಾಗೆ ಮುಗಿಸಿಬಿಡಾನ."

"ಬಸ್ಸು ನಿನ್ನ ಕಿವೀಲಿ ಹೇಳ್ತೇನಪ್ಪ?" ಅಂದಳು ಜಲಜಕ್ಕ. "ನನ್ನ ಕಿವೀಲಿ ಏನೂ ಹೇಳಲಿಲ್ಲ. ತಡಿ, ಹೋಗಿ ಕೇಳ್ಕೊಂಡೇ ಬತ್ತೀನಿ."

ಹಿಂದೂಪುರದಲ್ಲಿ ಕೇಳಿದರೆ ಆರ್ಡರು ವಿಜಯವಾಡದ್ದು ಅಂದರು. ಆಗ ಅವಳಿಗೆ ನೆನಪಾದದ್ದು ರಾಮ್‌ಪ್ರಸಾದ್. ವರ್ಷಗಟ್ಟಲೆ ಗುಂಡ್ಲಹಟ್ಟಿಯ ಬಸ್ಸು ಓಡಿಸಿದವನು, ಅಕ್ಕಾ ಅಕ್ಕಾ ಅನ್ನುತ್ತ ಅವಳ ಒಲೆಯ ಮುಂದೆ ಕೂತು ಬಿಸಿ ಮುದ್ದೆ ನುಂಗಿದವನು. ಹೆಂಡತಿಯ ಊರು ವಿಜಯವಾಡಕ್ಕೆ ವರ್ಗ ಮಾಡಿಸಿಕೊಂಡು ಹೋಗಿ, ಈಗ ಅಲ್ಲಿಯ ಬಸ್ಸಿನ ಕಚೇರಿಯಲ್ಲೇ ಕುರ್ಚಿಯ ಕೆಲಸದಲ್ಲಿದ್ದ. ಜಲಜಕ್ಕ ಹಿಂದೂಪುರದಲ್ಲಿ ರೈಲು ಹತ್ತಿದಳು.

ಬೆಳಿಗ್ಗೆ ವಿಜಯವಾಡದಲ್ಲಿ ಇಳಿದು, ಪಟಮಟ ಬಡಾವಣೆಯ ಅವನ ಮನೆ ಹುಡುಕಿಕೊಂಡು ಹೋದರೆ ಗೇಟಿನಲ್ಲೇ ಕೈ ಹಿಡಿದುಕೊಂಡ.

"ಅಕ್ಕಾ, ಫೋನಾದ್ರೂ ಮಾಡ್ಬಾರದಾ? ಮಾಧವೀ, ಯಾರು ಬಂದವ್ರೆ ನೋಡು. ನನ್ನ ಸಾಕಿದ ಅಕ್ಕ."

ಹೆಂಡತಿ ಮಾಧವೀಲತಾ ಒಳ್ಳೆಯ ಹೆಂಗಸು. ಮುಖ ತೊಳೆಯಲು ನೀರು ಕೊಟ್ಟು, ಕೂರಿಸಿ, ಹೆಸರುಕಾಳಿನ ದೋಸೆಗೆ ಶುಂಠಿ ಚಟ್ನಿ ಹಾಕಿ ಮುಂದಿಟ್ಟಳು. ಜಲಜಕ್ಕ ಬಂದ ಕಾರಣ ಹೇಳಿದಳು. ರಾಮ್‌ಪ್ರಸಾದನ ಕಣ್ಣು ಅವಳ ತಟ್ಟೆಯ ಮೇಲೆ ನಿಂತಿತು.

"ಏನು ಮಾಡೋದಕ್ಕಾ. ಡ್ರೈವರುಗಳು ಒಪ್ಪಲ್ಲ. ಅಲ್ಲಿ ಊಟಕ್ಕೆ, ಮಲಗೋಕೆ ಸೌಕರ್ಯ ಇಲ್ಲ ಅಂತ ಹೇಳವ್ರೆ."

"ಯಾರು ಹೇಳಿದ್ದು?"

"ಯಾರೋ. ಎಲ್ಲರೂ."

ಮಾಧವೀಲತಾ ನಗುತ್ತ ಇನ್ನೊಂದು ದೋಸೆ ತಂದಳು. ಅವಳ ಮಾತಿನಲ್ಲಿ ಕಪಟವಿರಲಿಲ್ಲ. "ಇವರೂ ಹಾಗೇ ಹೇಳಿದ್ದಲ್ವಾ ಅಕ್ಕಾ. ನಮ್ಮ ಅಭಿ ಹುಟ್ಟಿದಾಗ ಎಷ್ಟು ಕೇಳಿಕೊಂಡರೂ ವರ್ಗ ಕೊಡಲಿಲ್ಲ. ಅಲ್ಲಿ ತಿನ್ನೋಕೆ ಅನ್ನ ಸಿಗಲ್ಲ, ಹೊಟ್ಟೆ ಕೆಟ್ಟುಹೋಗಿದೆ ಅಂದ ಮೇಲೇನೇ ಕೊಟ್ಟಿದ್ದು."

ಜಲಜಕ್ಕನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಅಕ್ಕಾ, ಅದು ಹಂಗಲ್ಲ," ಅಂದ ರಾಮ್‌ಪ್ರಸಾದ್. "ರೋಡು ಕೆಟ್ಟೈತೆ ಅಂದ್ರೆ ಕಿವಿಗೆ ಹಾಕಿಕೊಳ್ಳಲ್ಲ. ಮನೆ ದೂರ ಅಂದ್ರೆ ನಗ್ತಾರೆ. ಊಟ ಇಲ್ಲ ಅಂದ್ರೆ ಮಾತ್ರ ಕೇಳ್ತಾರೆ. ಅಲ್ಲಿಂದ ಬಿಡಿಸಿಕೊಳ್ಳೋರೆಲ್ಲ ಅದನ್ನೇ ಹೇಳೋದು. ಬಸ್ಸೇ ನಿಂತು ಹೋಗ್ತದೆ ಅಂತ ಯಾರಿಗೆ ಗೊತ್ತಿತ್ತು?"

"ಎಲ್ಲರೂ ಉಂಡೋರೇ?"

ಜಲಜಕ್ಕ ತುತ್ತನ್ನು ತಟ್ಟೆಗೆ ಹಾಕಿ, ಕೈ ತೊಳೆದುಕೊಂಡಳು. ಮಾಧವೀಲತಾ ಗಾಬರಿಯಾಗಿ ಸೆರಗು ಹಿಡಿದರೆ, "ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ. ದೋಸೆ ಚೆನ್ನಾಗೈತೆ. ಈ ಮನೇಲಿ ನನಗೆ ಗಂಟಲಲ್ಲಿ ಇಳಿಯಲ್ಲ ಅಷ್ಟೆ," ಅಂದಳು. ಆಮೇಲೆ ಅವನ ಕಡೆ ತಿರುಗಿ, "ನಡಿ ಆಫೀಸಿಗೆ. ನಿಮ್ಮ ದೊಡ್ಡೋರ ಮುಂದೆ ನೀನೂ ನಿಂತ್ಕೋಬೇಕು."

ದೊಡ್ಡ ಅಧಿಕಾರಿಯ ಹೆಸರು ದುರ್ಗಾಪ್ರಸಾದ್. ಮೇಜಿನ ಮೇಲೆ ಕೊಂಡಪಲ್ಲಿಯ ಮರದ ಎತ್ತಿನಗಾಡಿಯೊಂದನ್ನು ಇಟ್ಟುಕೊಂಡಿದ್ದರು. ಜಲಜಕ್ಕ ತೆಲುಗಿನಲ್ಲೇ ಎಲ್ಲ ಹೇಳಿದಳು. ಗಡಿಯ ಹೆಂಗಸಿಗೆ ಎರಡು ನಾಲಿಗೆ. ಅವರು ತಾಳ್ಮೆಯಿಂದ ಕೇಳಿ, ತಾಳ್ಮೆಯಿಂದಲೇ ತಲೆಯಾಡಿಸಿದರು.

"ಸೌಕರ್ಯ ಇಲ್ಲದ ಕಡೆ ನಮ್ಮ ಸ್ಟಾಫನ್ನು ಉಪವಾಸ ಮಲಗಿಸೋಕೆ ಆಗಲ್ಲಮ್ಮ. ನೀವು ಊಟ ಹಾಕ್ತಿದ್ವಿ ಅಂತೀರಿ, ಅವರು ಇಲ್ಲ ಅಂತಾರೆ. ಸಾಕ್ಷಿ ಏನಿದೆ?"

ಅಜ್ಜಿಯರ ಮಾತು ಅವಳಿಗೆ ನೆನಪಾಯಿತು. ಬೀಳುವ ಹುಳ ಬೀಳಲಿ ಅಂದುಕೊಂಡಳು.

"ಸಾಕ್ಷಿ ನಿಮ್ಮ ಬಾಗಿಲಲ್ಲೇ ನಿಂತೈತೆ ಸ್ವಾಮಿ. ಅವನ ಹೊಟ್ಟೆ ನೋಡಿ. ನಮ್ಮೂರಿಗೆ ಬಂದಾಗ ಬೆಲ್ಟು ಜಾರ್ತಿತ್ತು. ಒಂದು ಕೈಲಿ ಅದನ್ನ ಹಿಡಿದು ಸ್ಟೇರಿಂಗು ತಿರುಗಿಸ್ತಿದ್ದ."

ಗುಮಾಸ್ತನೊಬ್ಬ ನಕ್ಕ. ಅವಳು ನಗಲಿಲ್ಲ. ಹೇಳುತ್ತಲೇ ಹೋದಳು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು. ಯುಗಾದಿಗೆ ಹೋಳಿಗೆ, ಹಾಲು ಸಾಲದ ವರ್ಷ ಮಗಳ ಲೋಟದ ಹಾಲನ್ನೇ ಇವನ ಹೋಳಿಗೆಗೆ ಹುಯ್ದದ್ದು. ಜ್ವರ ಬಂದಾಗ ಗಂಜಿ, ಮೆಣಸಿನ ಕಷಾಯ. ಗಂಡ ಸತ್ತ ಸೂತಕದಲ್ಲಿ ಸರದಿ ತಪ್ಪಬಾರದೆಂದು ಪಕ್ಕದ ಮನೆಯವರ ಕೈಯಲ್ಲಿ ಅಡುಗೆ ಮಾಡಿಸಿ ಕೊಟ್ಟದ್ದು. ಒಂದೊಂದು ಹೇಳುವಾಗಲೂ ಅವಳಿಗೆ ಮೈಮೇಲಿನ ಬಟ್ಟೆ ತಾನೇ ಬಿಚ್ಚಿದಂತಾಗುತ್ತಿತ್ತು, ಒಂದೊಂದಕ್ಕೂ ಸಿಟ್ಟು ಏರುತ್ತಿತ್ತು.

"ಇದನ್ನ ನನ್ನ ಬಾಯಲ್ಲಿ ಆಡಿಸಿದ್ರಲ್ಲ, ಅದಕ್ಕೇ ನನಗೆ ಸಿಟ್ಟು," ಅಂದಳು. "ನಮ್ಮೂರಲ್ಲಿ ದವಾಖಾನೆ ಇಲ್ಲ ಅಂತ ಹೇಳಿ, ನಿಜ. ರೋಡಿಲ್ಲ ಅಂತ ಹೇಳಿ, ನಿಜ. ಇಸ್ಕೂಲಿಗೆ ಮೇಷ್ಟ್ರಿಲ್ಲ, ಅದೂ ನಿಜ. ಇರೋದು ಅನ್ನ ಒಂದು. ಅದೂ ಇಲ್ಲ ಅಂದುಬಿಟ್ರಾ?"

ದುರ್ಗಾಪ್ರಸಾದ್ ಬಾಗಿಲಿನ ಕಡೆ ನೋಡಿದರು. "ಏಮಯ್ಯಾ ರಾಮ್‌ಪ್ರಸಾದ್, ತಿಂದೆಯಾ?"

ತಿಂದೆ ಅಂದರೆ ಅಂದು ಹೇಳಿದ್ದು ಸುಳ್ಳಾಗುತ್ತದೆ. ಅದು ಅವನಿಗೂ ಗೊತ್ತು, ಜಲಜಕ್ಕನಿಗೂ ಗೊತ್ತು. ಅವಳು ಕಣ್ಣು ಕೀಳಲಿಲ್ಲ.

"ತಿಂದೆ ಸಾರ್."

ಅವನಿಗೆ ನೋಟೀಸು ಬರುತ್ತದೆ ಅಂದರು. ಬಸ್ಸನ್ನು ಸದ್ಯಕ್ಕೆ ಮತ್ತೆ ಕಳಿಸಿ ನೋಡುತ್ತೇವೆ, ಮತ್ತೆ ಊಟದ ದೂರು ಬಂದರೆ ನಮ್ಮ ಕೈಯಲ್ಲಿಲ್ಲ ಅಂದರು.

ಹೊರಗೆ ರಾಮ್‌ಪ್ರಸಾದ್ ಹಿಂದೆ ಬಂದ. "ಅಕ್ಕಾ, ಸ್ಟೇಷನ್‌ಗೆ ಗಾಡೀಲಿ ಬಿಡ್ತೀನಿ."

"ಬ್ಯಾಡ. ನಿನ್ನ ಗಾಡಿ ಹತ್ತಿದೆ ಅಂತ ನಾನು ಇನ್ನೆಲ್ಲಿ ಹೇಳ್ಕೋಬೇಕಾಗ್ತದೋ."

ಬಸ್ಸು ಬಂತು. ಇಂಚರಾ ಕಾಲೇಜಿನ ಬೆಂಚಿಗೆ ಮರಳಿದಳು, ಕೆಂಪಣ್ಣನ ಶ್ರಾವಣ ಮುಂದಕ್ಕೆ ಹೋಯಿತು. ಆದರೆ ಗುಂಡ್ಲಹಟ್ಟಿಯಲ್ಲಿ ಈಗ ಡ್ರೈವರನ್ನು ಯಾರೂ ಮನೆಯೊಳಕ್ಕೆ ಕರೆಯುವುದಿಲ್ಲ. ಜಲಜಕ್ಕನದೇ ಕಟ್ಟಪ್ಪಣೆ. ಆಂಜನೇಯನ ಗುಡಿಯ ಕಟ್ಟೆಯ ಮೇಲೆ, ದೊಡ್ಡ ದೀಪದ ಕೆಳಗೆ ಚಾಪೆ ಹಾಸಿ, ಊರೆಲ್ಲ ಸುತ್ತ ನಿಂತು ಬಡಿಸುತ್ತಾರೆ. ಇಂಚರಾ ಫೋನ್ ಹಿಡಿದು ಫೋಟೋ ತೆಗೆಯುತ್ತಾಳೆ. ಹೊಸ ಡ್ರೈವರು ಮೊದಲ ಸಂಜೆ ಮುದ್ದೆ ಮುರಿಯಲಾರದೆ ತಲೆ ತಗ್ಗಿಸಿದ.

"ಅಮ್ಮಾ, ಇಷ್ಟು ಜನದ ಮುಂದೆ ಹೇಗೆ ತಿನ್ನಲಿ? ನಾನೇನು ಮಾಡಿದೆ? ಒಳಗೆಲ್ಲಾದರೂ ಕೂರಿಸಿ."

"ನೀನೇನೂ ಮಾಡಿಲ್ಲ ಕಣಪ್ಪ," ಅಂದಳು ಜಲಜಕ್ಕ, ಸಾರಿನ ಸೌಟು ಅವನ ತಟ್ಟೆಯ ಮೇಲೆ ಹಿಡಿದು. "ತಲೆ ಎತ್ತು. ಮುಖ ಕಾಣ್ತಿಲ್ಲ."

ಮಗಳು ಫೋಟೋ ತೆಗೆದ ಮೇಲೆ ಸೌಟು ಬಗ್ಗಿಸಿದಳು.