ಸಿದ್ಧನ ಹೂವು, ದುಂಡವ್ವನ ಎಣ್ಣೆ

ನಮ್ಮ ಸೋದರತ್ತೆ ದುಂಡವ್ವ ಕುಳಿತು ಉಂಡದ್ದನ್ನು ನಾನು ಕಂಡಿಲ್ಲ. ಅಂಗೈಯಲ್ಲಿ ರೊಟ್ಟಿ, ಅದರ ಮೇಲೆ ಖಾರ. ಬಾಗಿಲಿಂದ ಕುರಿಹಟ್ಟಿಗೆ, ಹಟ್ಟಿಯಿಂದ ಬಾಗಿಲಿಗೆ ಓಡಾಡುತ್ತಲೇ ಊಟ ಮುಗಿಯುತ್ತಿತ್ತು. “ನಾಯಿಗೆ ಕೆಲಸ ಇಲ್ಲ, ಕುಂದ್ರಾಕ ಹೊತ್ತಿಲ್ಲ” ಎಂದು ನಮ್ಮಪ್ಪ ತನ್ನ ಅಕ್ಕನನ್ನು ಕೆಣಕುತ್ತಿದ್ದ. ಅನ್ಯಾಯದ ಮಾತು. ಅವಳಿಗೆ ಕೆಲಸ ಬೇಕಾದಷ್ಟಿತ್ತು; ಇಲ್ಲದಿದ್ದದ್ದು ತಾಳ್ಮೆ.

ಶೇಗಾಂವದಿಂದ ಅವಳನ್ನು ದರಿಬಡಚಿಯ ಶಿದ್ರಾಯನಿಗೆ ಕೊಟ್ಟಿದ್ದರು. ಅವನೋ, ಕಾಲ ಮೇಲೆ ಇರುವೆ ಹತ್ತಿದರೂ ಕೊಡವಬೇಕೋ ಬೇಡವೋ ಎಂದು ಯೋಚಿಸುವ ಮನುಷ್ಯ. ಇಂಥ ಇಬ್ಬರನ್ನು ಯಾವ ಪುಣ್ಯಾತ್ಮ ಗಂಟು ಹಾಕಿದನೋ ಗೊತ್ತಿಲ್ಲ. ಆದರೂ ಸಂಸಾರ ನಡೆದಿತ್ತು. ಏನೇ ಕಗ್ಗಂಟು ಬಂದರೂ ಇಬ್ಬರೂ ಸಿದ್ಧನ ಗುಡಿಗೆ ಹೋಗುತ್ತಿದ್ದರು.

ಊರ ಹೊರಗೆ ಅಮೋಗಸಿದ್ಧನ ಗುಡಿ. ಹಿಂದೆ ಯಾರೋ ಮುದುಕ ಕುರಿಗಾರ ದೂರದ ಗದ್ದುಗೆಯಿಂದ ದುಂಡನೆಯ ಕಲ್ಲೊಂದನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದನಂತೆ. ದಣಿವಾಗಿ ಇಲ್ಲಿ ಇಳಿಸಿದ. ಮತ್ತೆ ಎತ್ತಲು ಹೋದರೆ ಕಲ್ಲು ಏಳಲಿಲ್ಲ. ಮೊದಲು ಅದಕ್ಕೆ ಕಂಬಳಿಯ ನೆರಳು, ಆಮೇಲೆ ಹುಲ್ಲಿನ ಚಪ್ಪರ, ಆಮೇಲೆ ಗೋಡೆ. ಪೂಜಾರಿಯೂ ಕುರುಬರವನೇ. ಎಣ್ಣೆಯ ಮಜ್ಜನ, ಅರಿಸಿನದ ಭಂಡಾರ, ಡೊಳ್ಳು, ಇಷ್ಟೇ ಪೂಜೆ. ಸಿದ್ಧನನ್ನು ಏನಾದರೂ ಕೇಳಬೇಕಿದ್ದರೆ ಪೂಜಾರಿ ಕಲ್ಲಿನ ನೆತ್ತಿಯ ಎರಡೂ ಬದಿಗೆ ಒಂದೊಂದು ಸೇವಂತಿಗೆ ಇಡುತ್ತಿದ್ದ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಯಾವುದೂ ಬೀಳದಿದ್ದರೆ ದೇವರು ವಿಚಾರ ಮಾಡುತ್ತಿದ್ದಾನೆಂದು ಅರ್ಥ. ಕಾಯಬೇಕು.

ದೀಪಾವಳಿ ಮುಗಿದ ಮೇಲೆ ಕುರಿಗಳನ್ನು ಹೊಡೆದುಕೊಂಡು ಕೃಷ್ಣೆಯ ದಂಡೆಯ ಎರೆಹೊಲಗಳಿಗೆ ಹೋಗುವುದು ದರಿಬಡಚಿಯವರ ರೂಢಿ. ಹೊರಡುವ ದಿನ ಕುರಿಗಳನ್ನು ಹಟ್ಟಿಯಿಂದ ಬಿಟ್ಟು ಗುಡಿಯ ಮುಂದಿನ ಬಯಲಿಗೆ ತಂದು, ಹೂ ಕೇಳಿ, ಅಪ್ಪಣೆಯಾದೊಡನೆ ಹೊರಡಬೇಕು. ಹಾಗೆ ಎದ್ದ ಕುರಿಯನ್ನು ತಿರುಗಿ ಹಟ್ಟಿಗೆ ಹೊಗಿಸಿದರೆ ಮನೆಗೇ ಕೇಡು ಎಂಬ ನಂಬಿಕೆ ಬೇರೆ.

ಜತ್ತಿನ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಆ ಸಲ ಕುರಿಗಳಲ್ಲಿ ಬಹಳಷ್ಟು ಗಬ್ಬವಾಗಿದ್ದವು. ಲಗೂನ ಹೊರಟರೆ ಮರಿಗಳು ನದಿಯ ದಂಡೆಯಲ್ಲಿ ಹುಟ್ಟುತ್ತವೆ ಎಂದು ದುಂಡವ್ವನಿಗೆ ಒಂದೇ ಚಡಪಡಿಕೆ. ಹಿಂದಿನ ಸಂಜೆ ಮನೆಯಲ್ಲಿದ್ದ ಕುಸುಬಿ ಎಣ್ಣೆಯನ್ನೆಲ್ಲ ಒಯ್ದು ಪೂಜಾರಿ ಭೀಮರಾಯನ ಮುಂದಿಟ್ಟಳು.

“ಎಲ್ಲಾ ಹಾಕಿ ತಿಕ್ಕೋ ಯಪ್ಪಾ. ನಮ್ಮ ಸಿದ್ಧ ತಂಪಾಗ್ಲಿ. ನಾಳಿ ತಡಾ ಮಾಡಬಾರ್ದು ನೋಡು, ಅವಾ!”

ಭೀಮರಾಯ ಹೊಸ ಪೂಜಾರಿ, ಭಕ್ತಿ ಹೆಚ್ಚು. ಎಣ್ಣೆಯನ್ನೆಲ್ಲ ಸುರಿದ. ಅದರ ಮೇಲೆ ಬೊಗಸೆ ಬೊಗಸೆ ಭಂಡಾರ ಹಾಕಿ ತಿಕ್ಕಿದ.

ಮರುದಿನ ಹೂ ಇಟ್ಟರು. ಡೊಳ್ಳು ಬಾರಿಸಿದರು. ಹೂ ಬೀಳಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಕುರಿಗಳು ಬಯಲಿನ ಒಣಹುಲ್ಲಿನ ಬೇರನ್ನೂ ಬಿಡದೆ ಕೆದರಿ ತಿಂದವು. ಮಾರನೆಯ ಬೆಳಗಿಗೂ ಹೂ ಹಾಗೇ ಇತ್ತು. ಒಂದು ಕುರಿ ಬಿಸಿಲಲ್ಲೇ ಈದಿತು. ಮರಿ ಮೊಲೆ ಹುಡುಕಿತು, ತಾಯಿಯಲ್ಲಿ ಹಾಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮರಿ ಸತ್ತಿತು.

ದುಂಡವ್ವ ಗುಡಿಗೂ ಬಯಲಿಗೂ ತಿರುಗಿ ತಿರುಗಿ ಸುಸ್ತಾಗಿದ್ದಳು. ಗಂಡ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. “ಏನರೆ ಮಾಡ್ರಿ” ಎಂದಳು. “ದೇವರು ವಿಚಾರ ಮಾಡಾಕತ್ತಾನ” ಎಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಹೊಸ್ತಿಲಿಗೆ ಹೋಗಿ ಒಳಗೆ ಇಣುಕಿದಳು. ಎರಡೂ ಸೇವಂತಿಗೆ ಬಾಡಿ ಕರಿಕಾಗಿದ್ದವು. ಅವುಗಳ ತೊಟ್ಟು ಗಟ್ಟಿಯಾದ ಅರಿಸಿನದ ರಾಡಿಯಲ್ಲಿ ಹೂತುಹೋಗಿತ್ತು.

“ಹೂ ಅಂಟೇತಿ!” ಎಂದು ಕೂಗಿದಳು. “ನಾ ಕೊಟ್ಟ ಎಣ್ಣ್ಯಾಗ ಅಂಟೇತಿ. ಒರಸಿ ಬ್ಯಾರೆ ಹೂ ಇಡೋ ಭೀಮರಾಯ!”

ಭೀಮರಾಯ ಮುಖ ತಗ್ಗಿಸಿದ. ಅವನು ಒರೆಸಿಯೇ ಬಿಡುತ್ತಿದ್ದನೋ ಏನೋ. ಆದರೆ ನೆರೆಮನೆಯ ಹಿರಿಯಳು ಕಾಳವ್ವ ಮುಂದೆ ಬಂದಳು. ಹಿಂದೊಮ್ಮೆ ಹೂ ಬೀಳಲಿಲ್ಲವೆಂದು ತನ್ನ ಮಗಳಿಗೆ ಬಂದ ಒಳ್ಳೆಯ ಸಂಬಂಧವನ್ನು ಬಿಟ್ಟುಕೊಟ್ಟವಳು ಅವಳು.

“ಎಣ್ಣಿ ಹಿಡಕೊಂಡ್ರ ದೇವರ ಮಾತು ನಿಂದ್ರತೈತೇನು? ಹಂಗಾರ ನನ್ನ ಮಗಳದು? ಊರ ಮಂದೀದು? ನಿನ್ನ ಕೂಸಿಂದು? ಅವತ್ತ ಎಣ್ಣಿ ಯಾರ್ ಕೊಟ್ಟಿದ್ರ, ದುಂಡವ್ವಾ?”

ಕಾಳವ್ವ ತನ್ನ ಸಂಕಟಕ್ಕೆ ಆಡಿದಳು, ಆದರೂ ಆಡಬಾರದಿತ್ತು. ಕೆಲವು ವರ್ಷದ ಹಿಂದೆ ದುಂಡವ್ವನ ಹೆಣ್ಣು ಕೂಸಿಗೆ ಜ್ವರ ಏರಿತ್ತು. ಜತ್ತಿಗೆ ಡಾಕ್ಟರರ ಕಡೆ ಒಯ್ಯಬೇಕೋ ಬೇಡವೋ ಎಂದು ಹೂ ಕೇಳಿದ್ದರು. ಹೂ ಬೀಳಲಿಲ್ಲ. ಗಂಡಹೆಂಡಿರು ಕೂಸನ್ನು ಮಡಿಲಲ್ಲಿಟ್ಟುಕೊಂಡು ಇದೇ ಕಟ್ಟೆಯ ಮೇಲೆ ಕಾದರು. ಹೂ ಬೀಳುವ ಮೊದಲೇ ಕೂಸು ಹೋಯಿತು.

ನಮ್ಮತ್ತೆ ಹೊಸ್ತಿಲ ಹತ್ತಿರ ಕುಸಿದು ಕುಳಿತಳು. ಅಳಲೂ ಇಲ್ಲ. ಬಯಲಲ್ಲಿ ಕುರಿಗಳು ಒದರುತ್ತಿದ್ದವು, ಅವಳ ಕಣ್ಣು ಅತ್ತ ಹೊರಳಲಿಲ್ಲ.

ಆಗ ಶಿದ್ರಾಯ ಎದ್ದ. ಸಿದ್ಧನಿಗೆ ಹೊರಗಿನಿಂದಲೇ ಕೈಮುಗಿದ, ಕೋಲು ತೆಗೆದುಕೊಂಡ.

“ಹೂ ಬಿದ್ದಿಲ್ಲೋ ಶಿದ್ರಾಯಾ” ಎಂದ ಭೀಮರಾಯ.

“ಇರ್ಲಿ. ಅವಾ ಹೇಳೂತನಕ ನಾ ಹಾದಿ ಹಿಡದಿರ್ತೀನಿ. ತಪ್ಪಾಗಿದ್ರ ನನ್ನ ಮ್ಯಾಲೆ ಬರ್ಲಿ.” ಆಮೇಲೆ ಹೆಂಡತಿಯ ಕಡೆ ನೋಡಿ, “ಏಳ. ಆವತ್ತ ಕುಂತದ್ದ ಸಾಕು” ಎಂದ.

ಕುರಿ ಹೊರಟವು. ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹೊರಟರು. ಕಾಳವ್ವನ ಮಗನೂ ಹೊರಟ. ದಾರಿಯಲ್ಲಿ ಮತ್ತೆರಡು ಮರಿ ಸತ್ತವು, ಮಿಕ್ಕವು ಉಳಿದವು. ಹೊರಟಿದ್ದಕ್ಕೇ ಉಳಿದವು ಎಂದು ಕೆಲವರು, ಹೊರಟಿದ್ದಕ್ಕೇ ಸತ್ತವು ಎಂದು ಕೆಲವರು. ಆ ಜಗಳ ಇನ್ನೂ ಮುಗಿದಿಲ್ಲ. ದರಿಬಡಚಿಯಲ್ಲಿ ಹೂ ಕೇಳುವುದೂ ನಿಂತಿಲ್ಲ.

ಬಿಳೂರ ದಾಟಿದರು. ಹಳ್ಳದ ದಂಡೆಯಲ್ಲಿ ಕುರಿಗಳು ನೀರು ಕುಡಿಯುವಾಗ ನಮ್ಮತ್ತೆ ಗಂಡನನ್ನು ಕೇಳಿದಳು.

“ಏನ್ರಿ, ಕೂಸಿನ ಸಲುವಾಗಿ ಕೇಳಿದಾಗ ಎಣ್ಣಿ ನಾನ ಒಯ್ದಿದ್ನೇನ್ರಿ? ನನಗ ನೆನಪ ಬರವಲ್ದು.”

ಯಾವ ಮಾತಿಗೂ ಅರ್ಧ ದಿನ ತೆಗೆದುಕೊಳ್ಳುವ ಶಿದ್ರಾಯ ಆಗ ಮಾತ್ರ ತಡಮಾಡಲಿಲ್ಲ.

“ಇಲ್ಲ. ನಾ ಒಯ್ದಿದ್ದೆ.”

ನನಗೆ ಇದನ್ನು ಹೇಳುವಾಗ ಅತ್ತೆಯ ತಲೆ ಪೂರ್ತಿ ಬೆಳ್ಳಗಾಗಿತ್ತು, ಮಾವ ತೀರಿಕೊಂಡಿದ್ದ. “ಖರೇನ ಅವರ ಒಯ್ದಿದ್ರೇನ?” ಎಂದು ಕೇಳಿದೆ.

“ಯಾರಿಗ್ಗೊತ್ತ” ಎಂದಳು. “ನಾ ಮತ್ತ ಕೇಳ್ಲಿಲ್ಲ.”