ಹಸಿ ಜಾಲಿಯ ಬೆಣೆಗಳು

ಮೋನಪ್ಪ ಕಾಕಾ, ಅಂದೋಲಾದ ಆ ನಿಚ್ಚಣಿಕೆಗೆ ಹಾಕಿದ ಬೆಣೆಗಳು ಹಸಿಯಾಗಿದ್ದವು. ಅವನ್ನು ಕಡಿದು ತಂದವನು ನಾನು. ಒಣಗಿದ್ದಾವೆ ಎಂದು ನಿಮಗೆ ಹೇಳಿದವನೂ ನಾನೇ. ಆ ಮನೆಯ ಶಾಂತಕ್ಕ ಬಿದ್ದದ್ದು ನಿಮ್ಮ ಕೈತಪ್ಪಿನಿಂದಲ್ಲ — ಈ ಒಂದು ಮಾತನ್ನು ಆರು ವರ್ಷ ನುಂಗಿಕೊಂಡು ಕೂತೆ.

ಶಾಂತಕ್ಕನಿಗೆ ಮಾಳಿಗೆ ಹತ್ತಲು ಸಾಗವಾನಿ ನಿಚ್ಚಣಿಕೆ ಬೇಕಿತ್ತು. ಮೆಣಸಿನಕಾಯಿ, ಹಪ್ಪಳ, ಶ್ಯಾವಿಗೆ ಎಂದು ಬೇಸಿಗೆಯಲ್ಲಿ ದಿನಕ್ಕೆ ಹತ್ತು ಸಲ ಹತ್ತಿಳಿಯುವ ಹೆಂಗಸು. ಬೋಲ್ಟ್ ಹಾಕಿ ಮುಗಿಸೋಣ ಎಂದೆ ನಾನು. ನೀವು ನಕ್ಕಿರಿ. "ಕಬ್ಬಿಣ ಕಟಿಗೀನ ತಿಂತದೋ ಈರಣ್ಣ. ಕಟಿಗಿ ಜೋಡಿ ಬಾಳ್ವಿ ಮಾಡೋದು ಕಟಿಗೀನ." ಎರಡು ಮರ ಕೂಡಿದಲ್ಲಿ ತೂತು ಕೊರೆದು ಹೊಡೆಯುವ ಕಟ್ಟಿಗೆಯ ಮೊಳೆ, ಅದೇ ಬೆಣೆ. ಸಾಗವಾನಿಯ ಬೆಣೆ ಮೆತ್ತಗೆ, ಬಿದಿರಿನದು ಸೀಳುತ್ತದೆ. ಜಾಲಿಯದೇ ಆಗಬೇಕು, ಅದೂ ಎರಡು ಬೇಸಿಗೆ ಕಂಡದ್ದು. ತಾನು ಹಿಡಿಯುವ ಮರಕ್ಕಿಂತ ಬೆಣೆ ಹೆಚ್ಚು ಒಣಗಿರಬೇಕು, ಇಲ್ಲದಿದ್ದರೆ ಕೂತ ಜಾಗದಲ್ಲೇ ಒಣಗಿ, ಸಣ್ಣಗಾಗಿ, ಸಡಿಲಾಗುತ್ತದೆ. ನಿಮ್ಮ ಪಾಠವನ್ನು ನಿಮಗೇ ಒಪ್ಪಿಸುತ್ತಿದ್ದೇನೆ ಕಾಕಾ — ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ನೀವು ಅಂದುಕೊಳ್ಳಬಾರದು, ಅದಕ್ಕೆ.

ಅತನೂರಿನ ನಿಮ್ಮ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಹೊಗೆಗೆ ತೂಗುಬಿಟ್ಟ ಚೀಲದಲ್ಲಿ ಅಂಥ ಬೆಣೆಗಳಿದ್ದವು. ನೀವು ಒಂದು ದಿನ ಮುಂಚೆ ಅಂದೋಲಾ ಸೇರಿದ್ದಿರಿ, ಚೀಲ ತರುವುದು ನನ್ನ ಪಾಲಿನ ಕೆಲಸ. ಜೇವರ್ಗಿಯಲ್ಲಿ ಬಸ್ಸು ಬದಲಿಸಿದೆ. ಚೀಲ ಸೀಟಿನ ಕೆಳಗೇ ಉಳಿಯಿತು. ಬಸ್ಸು ಹೋದ ಮೇಲೆ ನೆನಪಾಯಿತು. ಅಷ್ಟೇ ಆಗಿದ್ದು. ಮೂವತ್ತನಾಲ್ಕು ವರ್ಷದ ಗಂಡಸು, ಎರಡು ಮಕ್ಕಳ ತಂದೆ ನಾನು, "ಬಸ್ಸಿನ್ಯಾಗ ಬಿಟ್ಟು ಬಂದೇನ್ರಿ" ಎಂದು ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ? ನಾಲ್ಕು ಮಾತು ಬೈದು, ಮರುದಿನ ನೀವೇ ಹೋಗಿ ಬೇರೆ ತರುತ್ತಿದ್ದಿರಿ. ಆ ನಾಲ್ಕು ಮಾತಿಗೆ ಹೆದರಿ ನಾನು ಊರ ಹೊರಗಿನ ಬೇಲಿಯಲ್ಲಿ ಒಂದು ಜಾಲಿ ಕೊಂಬೆ ಕಡಿದೆ. ಹದಿನಾರು ಬೆಣೆ ಕೆತ್ತಿದೆ. ಕುಸುಬಿ ಎಣ್ಣೆಯಲ್ಲಿ ಒಲೆಯ ಮಸಿ ಕಲಸಿ ಒಂದೊಂದಕ್ಕೂ ತಿಕ್ಕಿದೆ, ಹೊಗೆ ಕುಡಿದ ಹಳೆಯ ಬೆಣೆಗಳ ಬಣ್ಣ ಬರುವವರೆಗೆ. ನೀವು ಕಲಿಸಿದ ಕೆಲಸದಲ್ಲಿ ನಾನು ಅಷ್ಟು ನಾಜೂಕಾಗಿ ಬೇರೇನನ್ನೂ ಮಾಡಿಲ್ಲ.

ನೀವು ಎರಡನ್ನು ಎತ್ತಿ ಅಂಗೈಯಲ್ಲಿ ತೂಗಿದಿರಿ.

"ವಜ್ಜಿ ಅನಸ್ತಾವಲ್ಲೋ. ಒಣಗ್ಯಾವೇನು?"

"ಒಣಗ್ಯಾವ್ರಿ ಕಾಕಾ. ಎಣ್ಣಿ ಹಚ್ಚೇನಿ, ಅದಕ್ಕ ಹಂಗ ಅನಸ್ತದ."

ನೀವು ಇನ್ನೊಮ್ಮೆ ತೂಗಿದಿರಿ. ನನ್ನ ಮುಖ ನೋಡಿದಿರಿ. ನಲವತ್ತು ವರ್ಷ ಕಟ್ಟಿಗೆ ಹಿಡಿದ ಕೈ ಒಂದು ಹೇಳುತ್ತಿತ್ತು, ನಾನು ಇನ್ನೊಂದು ಹೇಳುತ್ತಿದ್ದೆ — ನೀವು ನಿಮ್ಮ ಕೈಯನ್ನು ಬಿಟ್ಟು ನನ್ನನ್ನು ನಂಬಿದಿರಿ. "ನನಗ ವಯಸ್ಸಾತು ತಗೋ" ಎಂದು ಸುತ್ತಿಗೆ ಎತ್ತಿದಿರಿ.

ಸಂಕ್ರಾಂತಿ ಮುಗಿದಿತ್ತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಶಿವರಾತ್ರಿಯಿಂದ ಅದು ನೆಲ, ಕೆರೆ, ಕಟ್ಟಿಗೆ ಯಾವುದನ್ನೂ ಬಿಡುವುದಿಲ್ಲ. ಬಿಸಿಲು ಏರಿದ ಒಂದೊಂದು ದಿನವೂ ನನಗೆ ಆ ಬೆಣೆಗಳು ಕಣ್ಣಿಗೆ ಕಟ್ಟುತ್ತಿದ್ದವು. ಈಗ ಕೂದಲೆಳೆಯಷ್ಟು ಕುಗ್ಗಿರಬೇಕು. ಈಗ ಇನ್ನಷ್ಟು. ಹೆಂಡತಿ ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ. ಮೊಬೈಲು ರಿಂಗಾದರೆ ಅಂದೋಲಾದ್ದೇ ಎಂದು ಮೊದಲು ನಂಬರು ನೋಡುತ್ತಿದ್ದೆ.

ಯುಗಾದಿಯಾದ ಮೇಲೆ ತಡೆಯಲಾಗದೆ ಅಂದೋಲಾಕ್ಕೆ ಹೋದೆ. ಈ ಭಾಗವನ್ನು ಬರೆಯದೆ ಬಿಟ್ಟುಬಿಡೋಣ ಎಂದು ಎರಡು ಸಲ ಪೆನ್ನು ಮುಚ್ಚಿದ್ದೆ. ಇತ್ತ ಕಡೆ ಕೆಲಸವಿತ್ತು, ಹಾಗೇ ಬಂದೆ ಎಂದು ಶಾಂತಕ್ಕನಿಗೆ ಹೇಳಿದೆ. ಆಕೆ ನೀರು ತರಲು ಒಳಗೆ ಹೋದಾಗ ಮೇಲಿನಿಂದ ಮೂರನೆಯ ಮೆಟ್ಟಿಲ ಬೆಣೆಯನ್ನು ಮುಟ್ಟಿದೆ. ಅದು ಬೆರಳಲ್ಲೇ ತಿರುಗಿತು. ಅದರ ಕೆಳಗಿನದೂ ತಿರುಗಿತು. ಆಕೆ ನೀರು ಕೊಟ್ಟು, "ಛಲೋ ಮಾಡಿ ಕೊಟ್ಟೀರಿ ತಮ್ಮಾ, ದಿನಾ ನಿಮ್ಮನ್ನ ನೆನಸ್ಕೊಂತ ಹತ್ತಾಕತ್ತೇನಿ" ಎಂದು, ಹಪ್ಪಳದ ಬುಟ್ಟಿ ಸೊಂಟಕ್ಕಿಟ್ಟು ನನ್ನ ಕಣ್ಣೆದುರೇ ಹತ್ತಿದಳು. ಅದೇ ಮೂರನೆಯ ಮೆಟ್ಟಿಲಲ್ಲಿ ಕಿರ್ ಎಂದಿತು. ಹತ್ತಿದಳು, ಇಳಿದಳು, ಏನೂ ಆಗಲಿಲ್ಲ. ಮುಂದಿನ ವಾರ ಒಣ ಬೆಣೆ ತಂದು, ಬೇರೇನೋ ನೆಪ ಹೇಳಿ ಬದಲಿಸಿದರಾಯಿತು ಎಂದುಕೊಂಡು — "ಬರ್ತೇನ್ರಿ ಅಕ್ಕಾ" ಎಂದು ಎದ್ದು ಬಂದೆ.

ಹತ್ತಬೇಡಿ ಎಂಬ ಒಂದೇ ಮಾತು. ಅದನ್ನು ಹೇಳಲು ಕಾರಣ ಕೂಡ ಕೊಡಬೇಕಾಗಿರಲಿಲ್ಲ.

ಮುಂದಿನ ವಾರ ಆಳಂದದಲ್ಲಿ ಕೆಲಸ ಬಂತು, ಹೋಗಲಿಲ್ಲ. ಹನ್ನೊಂದನೆಯ ದಿನ ಶಾಂತಕ್ಕ ಬಿದ್ದಳೆಂದು ಫೋನು ಬಂತು. ನಿಮಗಿಂತ ಮೊದಲು ನಾನು ಅಲ್ಲಿಗೆ ತಲುಪಿದೆ. ಶಾಂತಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ನಿಚ್ಚಣಿಕೆ ಕಾಲಗಲಿಸಿ ಬಿದ್ದಿತ್ತು, ಸುತ್ತಲೂ ಹಪ್ಪಳ. ಬೆಣೆಗಳನ್ನು ನೀವು ನೋಡಿದ್ದರೆ ಕ್ಷಣದಲ್ಲಿ ತಿಳಿಯುತ್ತಿತ್ತು. ಅವನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡೆ. ಎರಡು ಉದುರಿದ್ದವು, ಹಪ್ಪಳ ಸರಿಸಿ ಹುಡುಕಿದೆ. ಹದಿನಾರೂ ಸಿಕ್ಕವು. ಆ ರಾತ್ರಿ ಮನೆಗೆ ಬಂದು ಒಲೆಗೆ ಹಾಕಿದೆ. ಅಷ್ಟು ಹೊತ್ತಿಗೆ ಅವು ಚೆನ್ನಾಗಿ ಒಣಗಿದ್ದವು, ಬೇಗ ಉರಿದವು.

ಅದಕ್ಕೂ ಮೊದಲು, ಅಲ್ಲೇ, ನೀವು ಬಂದು ನೆಲಕ್ಕೆ ಕೂತು, ಬೆಣೆಗಳು ಉದುರಿ ಕಸದಲ್ಲಿ ಹೋದವೆಂದೇ ತಿಳಿದು, ಖಾಲಿ ತೂತುಗಳಲ್ಲಿ ಒಂದೊಂದಾಗಿ ಬೆರಳಾಡಿಸಿದಿರಿ. ಓಣಿಯ ಜನ ಕೂಡಿತ್ತು. ನೀವು ಎಲ್ಲರೆದುರೇ ಹೇಳಿದಿರಿ, "ತೂತು ನಾನ ದೊಡ್ಡವು ಕೊರದೇನಿ. ನನ್ನ ಕೈ ಹೋತು." ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ನನ್ನ ಜೇಬು ಉಬ್ಬಿತ್ತು.

ಅಂದಿನಿಂದ ನೀವು ಉಳಿ ಹಿಡಿಯಲಿಲ್ಲ. ಅಫಜಲಪುರದವರು ಬಾಗಿಲು ಮಾಡಿಸಲು ಬಂದರೆ ಕೈಮುಗಿದು ಕಳಿಸಿದಿರಂತೆ. ಶಾಂತಕ್ಕ ಕೋಲೂರಿ ನಡೆಯುತ್ತಾಳೆ, ಮಾಳಿಗೆ ಹತ್ತಿಲ್ಲ. ನನಗೆ ಮಾತ್ರ ಏನೂ ಆಗಲಿಲ್ಲ. ಆಳಂದದಲ್ಲಿ ಅಂಗಡಿ ಇಟ್ಟೆ, ಪ್ಲೈವುಡ್ಡಿನ ಕಪಾಟು, ಅಡುಗೆಮನೆ ಮಾಡಿಕೊಡುತ್ತೇನೆ. ಮಷಿನ್ನಿನಲ್ಲಿ ಮಾಡಿದ ಬೆಣೆಗಳು ಈಗ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತವೆ, ಎಲ್ಲವೂ ಒಂದೇ ಅಳತೆ. ಯಾವುದಕ್ಕೆ ಸ್ಕ್ರೂ, ಯಾವುದಕ್ಕೆ ಬೆಣೆ ಎಂದು ಬೇರೆ ಬಡಿಗರು ನನ್ನನ್ನು ಕೇಳಲು ಬರುತ್ತಾರೆ. ನಾನು ದೊಡ್ಡ ಮನುಷ್ಯನಂತೆ ಹೇಳುತ್ತೇನೆ — ಮೊದಲು ಒಣಗಿದೆಯೋ ಇಲ್ಲವೋ ನೋಡ್ರಿ ಎಂದು. ಹೇಳುವಾಗ ನಾಲಿಗೆ ತಡವರಿಸುವುದೂ ಇಲ್ಲ.

ಇಷ್ಟಾದರೂ ನಾನು ಬರೆಯುತ್ತಿರಲಿಲ್ಲವೇನೋ. ಹೋದ ತಿಂಗಳು ಮದುವೆಗೆಂದು ಅತನೂರಿಗೆ ಬಂದಾಗ ನಿಮ್ಮ ಮನೆಗೂ ಬಂದೆ. ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ. "ಈರಣ್ಣ, ಆವತ್ತ ನನ್ನ ದೆಸಿಯಿಂದ ನಿನಗೂ ಜನರ ಮಾತು ಬಂತು. ಸಾಯೋದ್ರಾಗ ಒಂದ್ಸಲ ಮಾಫಿ ಕೇಳಬೇಕಂತ ಮಾಡಿದ್ದೆ. ಮನಸಿನ್ಯಾಗ ಇಟ್ಕೋಬ್ಯಾಡಪ್ಪಾ."

ಆಗಲಾದರೂ ಬಾಯಿ ತೆರೆಯಬೇಕಿತ್ತು. ತೆರೆದೆ.

"ಇರ್ಲಿ ಬಿಡ್ರಿ ಕಾಕಾ. ನಾ ಅದನ್ನ ಯಾವಾಗೋ ಮರ್ತೇನಿ" ಎಂದೆ.

ನಿಮ್ಮ ಕಣ್ಣಲ್ಲಿ ನೀರು ಬಂತು, ಹಗುರಾದವರಂತೆ ಉಸಿರುಬಿಟ್ಟಿರಿ. ನಾನು ನಿಮ್ಮನ್ನು ಕ್ಷಮಿಸಿದೆ, ಕಾಕಾ. ಕ್ಷಮಿಸಿ, ಚಹಾ ಕುಡಿದು, ಬಸ್ಸು ಹತ್ತಿ ಬಂದೆ.

ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಾನು ಶಾಂತಕ್ಕನ ಮುಂದೆ ಕೂತು ಇದನ್ನೇ ಹೇಳಿರುತ್ತೇನೆ. ಅಲ್ಲಿಂದ ಅತನೂರಿಗೆ ಬರುತ್ತೇನೆ. ಒಳಗೆ ಕರೆಯಬೇಡಿ. ನಿಮ್ಮ ಕೈ ಹೋಯಿತೆಂಬುದು ನಿಮ್ಮ ಓಣಿಗೆಲ್ಲ ಗೊತ್ತಿದೆ. ಇದನ್ನೂ ಹೊರಗೆ ನಿಂತೇ ಹೇಳಬೇಕು, ಎಲ್ಲರಿಗೂ ಕೇಳುವ ಹಾಗೆ.