ಸುಣ್ಣದ ಬಾಣ

ಕುಳಗೇರಿ ಕ್ರಾಸಿನಲ್ಲಿ ಮಿರ್ಚಿ ಭಜಿ ಕರಿಯುತ್ತ ಅರ್ಧ ಆಯುಷ್ಯ ಕಳೆದ ಗುರುಲಿಂಗವ್ವನಿಗೆ ಮನುಷ್ಯರ ಮೇಲೆ ನಂಬಿಕೆ ಅನ್ನುವುದೇ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ. ನಾಲ್ಕೂ ದಿಕ್ಕಿನಿಂದ ಬಸ್ಸು ಬಂದು ನಿಲ್ಲುವ ಜಾಗ ಅದು. ಬೆಳಿಗ್ಗೆ ಅಣ್ಣ ತಂಗಿ ಎಂದು ಹೇಳಿ ಚಹಾ ಕುಡಿದವರು ಸಂಜೆ ಗಂಡ ಹೆಂಡತಿ ಎಂದು ಬಾಡಿಗೆ ಮನೆ ಕೇಳಿದ್ದನ್ನು ಅವಳು ಕಂಡಿದ್ದಳು. "ಅವ್ವಾ, ಈ ಚೀಲ ಒಂಚೂರು ನೋಡ್ಕೊಳ್ರಿ" ಎಂದು ಹೋದವನ ಬದಲು ಪೊಲೀಸರು ಬಂದದ್ದೂ ಉಂಟು. ಹೀಗಾಗಿ ಬದನೆಕಾಯಿ ಕೊಳ್ಳುವಾಗಲೂ ಅವಳು ಒಂದನ್ನು ಸೀಳಿ ನೋಡದೆ ಬಿಡುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೂ ಅಂಗಡಿಯನ್ನು ಒಬ್ಬಳೇ ನಡೆಸಿದಳು. ಕೊನೆಗೆ ಸಕ್ಕರೆ ಕಾಯಿಲೆ ಬಂದು ಕಾಲು ಜೋಮು ಹಿಡಿಯತೊಡಗಿದಾಗ ಮಗಳು ಮಹೇಶ್ವರಿ ಹಟ ಹಿಡಿದು ಬಾದಾಮಿಗೆ ಕರೆತಂದಳು. ಮಹೇಶ್ವರಿ ದವಾಖಾನೆಯಲ್ಲಿ ನರ್ಸು. ಪಾತ್ರೆ ಪಗಡ ಹೇರಿದ ಟೆಂಪೋ ಹೊರಡುವಾಗ ಅಂಗಡಿಯ ಮುಂದೆ ಬಿದ್ದಿರುತ್ತಿದ್ದ ಕಂದು ನಾಯಿ ತಾನೂ ಹಾರಿ ಒಳಗೆ ಕೂತಿತು. ಬಂದವರನ್ನೆಲ್ಲ ಮೂಸಿ ನೋಡಿ ತನ್ನ ಪಾಲು ಕೇಳುತ್ತದೆಂದು ಕ್ರಾಸಿನವರು ಅದಕ್ಕೆ ಜಮಾದಾರ ಎಂದು ಹೆಸರಿಟ್ಟಿದ್ದರು.

"ದಿನಾ ಅಡ್ಡಾಡಬೇಕವ್ವಾ, ಇಲ್ಲಾಂದ್ರ ಕಾಲು ಕೈಕೊಡ್ತಾವ" ಎಂದು ಮಗಳು ಹೇಳಿದ್ದೇ ನೆಪವಾಗಿ ಗುರುಲಿಂಗವ್ವನಿಗೂ ಜಮಾದಾರನಿಗೂ ಗುಡ್ಡದ ರೂಢಿ ಹತ್ತಿತು. ಮನೆಯ ಹಿಂದಿನ ಓಣಿ ದಾಟಿದರೆ ಏರು ಶುರು. ಬಿಸಿಲು ಬಂಡೆಗೆ ಬೀಳುವವರೆಗೆ ಕಾದು, ತಲೆಗೆ ಶಾಲು ಸುತ್ತಿ, ಸೊಂಟಕ್ಕೆ ಎಲೆಯಡಿಕೆಯ ಸಂಚಿ ಸಿಕ್ಕಿಸಿಕೊಂಡು, ಕೋಲೂರುತ್ತ ಅವಳು ಹತ್ತುತ್ತಿದ್ದಳು. ಮಾಗಿಯ ದಿನಗಳಲ್ಲಿ ಆ ಕೆಂಪು ಕಲ್ಲು ಹಿತವಾಗಿ ಕಾಯುತ್ತದೆ. ಬೆನ್ನು ಒರಗಿಸಿ ಕೂತರೆ ಎದ್ದೇಳಲು ಮನಸ್ಸಾಗದು. ಬಾರಿ ಹಣ್ಣಿನ ಕಂಟಿಗಳಲ್ಲಿ ಮಂಗಗಳು ಜಗಳಾಡುತ್ತಿದ್ದವು. ಕೆಳಗೆ ಜೋಳದ ಹೊಲಗಳು ತೆನೆ ಬಿಟ್ಟು ನಿಂತಿರುತ್ತಿದ್ದವು. ಗುರುಲಿಂಗವ್ವ ಮಾತ್ರ ಇದನ್ನೆಲ್ಲ ನೋಡುವುದಕ್ಕಿಂತ ಹೆಚ್ಚಾಗಿ ಯಾರು ಬಂದರು, ಯಾರು ಹೋದರು ಎಂಬುದನ್ನೇ ನೋಡುತ್ತಿದ್ದಳು.

ಹಾಗೆ ನೋಡುವುದಕ್ಕೆ ಕಾರಣವಿತ್ತು. ಮೇಲೆ ಒಂದು ಹಾಳು ಗುಡಿ, ಅದರ ಮುಂದೆ ಮೊಣಕಾಲೆತ್ತರದ ಕಲ್ಲಿನ ಬಸವಣ್ಣ. ಹೋದ ವರ್ಷ ಚಳಿಗಾಲದಲ್ಲಿ ದಾರಿಯ ಕಲ್ಲುಗಳ ಮೇಲೆ ಯಾರೋ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ಅವಳು ಮಗಳಿಗೆ ಹೇಳಿದಳು, ಓಣಿಯವರಿಗೆ ಹೇಳಿದಳು, ದಾರಿಯಲ್ಲಿ ಸಿಕ್ಕ ಪೊಲೀಸನಿಗೂ ಹೇಳಿದಳು. "ನಿಮಗ ಎಲ್ಲಾರ ಮ್ಯಾಲೂ ಸಂಶಯ ಅಮ್ಮಾರ" ಎಂದು ಅವನು ನಕ್ಕ. ವಾರದೊಳಗೆ ಬಸವಣ್ಣ ಮಗುಚಿ ಬಿದ್ದಿದ್ದ, ಒಂದು ಕೋಡು ಮುರಿದಿತ್ತು, ಅವನು ಕೂತಿದ್ದ ಜಾಗದಲ್ಲಿ ಆಳುದ್ದದ ಗುಂಡಿ. ನಿಧಿಗಳ್ಳರು. ಆಡು ಕಾಯುವ ಅಮಾತೆಪ್ಪ ಮತ್ತು ಅವಳು ಸೇರಿ ಗುಂಡಿ ಮುಚ್ಚಿ, ಬಸವಣ್ಣನನ್ನು ಎತ್ತಿ ಕೂರಿಸಿದ್ದರು.

ಈ ವರ್ಷ ಮತ್ತೆ ಗುರುತುಗಳು ಬಿದ್ದವು. ಈ ಸಲ ಬಿಳಿ ಬಣ್ಣದ ಬಾಣಗಳು.

"ಅಮಾತೆಪ್ಪಾ, ಇವನ್ನ ಯಾರ್ ಹಾಕ್ಯಾರ?" ಎಂದು ಅವಳು ಕೇಳಿದಳು.

"ಯಾವ್ದೋ ಹುಡುಗ ಡಬ್ಬಿ ಹಿಡ್ಕೊಂಡು ಅಡ್ಡಾಡಾಕತ್ತಿದ್ದ ಯಕ್ಕಾ. ಕೊರಳಾಗ ಕ್ಯಾಮೆರಾ ಇತ್ತು."

"ಕ್ಯಾಮೆರಾ ಯಾಕ?"

"ಫೋಟೋ ತಗಿಯಾಕ ಇರಬೇಕು."

"ಭಾಳ ಶಾಣ್ಯಾ ಅದಿ ನೀ. ಏನಂತ ಕೇಳಲಿಲ್ಲೇನು?"

"ನಂದೇನ್ ಹೋಗ್ತೈತಿ? ಆಡು ಬೆದರಿದ್ವು, ಅವನ್ನ ಹೊಡ್ಕೊಂಡು ಹೋದೆ."

ಗುರುಲಿಂಗವ್ವ ಅವನ ಮುಖವನ್ನು ದಿಟ್ಟಿಸಿದಳು. ಇವನೇ ದಾರಿ ತೋರಿಸಿರಬಹುದೇ? ಹೋದ ವರ್ಷ ಗುಂಡಿ ಮುಚ್ಚುವಾಗಲೂ ಇವನು ಕಳ್ಳರನ್ನು ಒಂದು ಮಾತು ಬೈಯಲಿಲ್ಲವಲ್ಲ ಎಂಬುದು ಈಗ ಅವಳಿಗೆ ನೆನಪಾಯಿತು. ಅವನ ಹೆಗಲ ಕಂಬಳಿ ಹೊಸದಾಗಿ ಕಂಡಿತು.

ಅವಳು ಬಾಣಗಳನ್ನು ಹಿಂಬಾಲಿಸಿದಳು. ಅವು ನೇರ ಹಾಳು ಗುಡಿಗೇ ಹೋದವು. ಅಲ್ಲಿಗೆ ಅವಳ ಅನುಮಾನ ಗಟ್ಟಿಯಾಯಿತು. ಯಾರಿಗೂ ಹೇಳಬಾರದು, ಹೇಳಿದರೆ ನಗುತ್ತಾರೆ ಎಂದುಕೊಂಡು ತಾನೇ ಕೆಲಸಕ್ಕಿಳಿದಳು. ದಾರಿ ಕವಲೊಡೆಯುವಲ್ಲಿ ಕೆಮ್ಮಣ್ಣಿಗೆ ಬಾಟಲಿಯ ನೀರು ಸುರಿದು ಕಲಸಿ, ಬಾಣದ ಮೇಲೆ ಬಳಿದು ತಿಕ್ಕಿದಳು. ಗುಡಿಯವರೆಗೂ ಒಂದನ್ನೂ ಬಿಡಲಿಲ್ಲ. ಆಮೇಲೆ ಕವಲಿಗೆ ಮರಳಿ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದಳು. ಕವಲಿನ ಬಲಗಡೆ ಜಾಲಿ ಮುಳ್ಳು ತುಂಬಿದ ಕೊಳ್ಳ. ಒಮ್ಮೆ ಇಳಿದರೆ ಬಂಡೆಗಳ ನಡುವೆ ಸಿಕ್ಕಿಕೊಂಡು ದಿಕ್ಕೇ ತಿಳಿಯುವುದಿಲ್ಲ. ಬೆರಳಿಗೆ ಸುಣ್ಣ ಹಚ್ಚಿಕೊಂಡು ಆ ಕಡೆಗೇ ಬಾಣ ಬರೆದಳು, ಮುಂದಿನ ಬಂಡೆಗೊಂದು, ಅದರ ಮುಂದಿನದಕ್ಕೊಂದು. ಜಮಾದಾರ ನಾಲಗೆ ಚಾಚಿ ಬಿಸಿಲಲ್ಲಿ ಕೂತು ನೋಡುತ್ತಿತ್ತು. ಅಂದು ಅವಳು ರೊಟ್ಟಿ ಒಂದು ಹೆಚ್ಚೇ ಉಂಡಳು. "ಏನವ್ವಾ, ಇವತ್ತ ಭಾಳ ಖುಷಿಯಾಗಿದ್ದಿ?" ಎಂದು ಮಹೇಶ್ವರಿ ಕೇಳಿದಳು. ತಾಯಿ ಸುಮ್ಮನೆ ಎಲೆ ಮಡಚಿ ಬಾಯಿಗಿಟ್ಟುಕೊಂಡಳು.

ಭಾನುವಾರ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಗುರುಲಿಂಗವ್ವ ಕವಲಿನ ಹತ್ತಿರ ಬರುವಷ್ಟರಲ್ಲಿ ಜಮಾದಾರ ಕಿವಿ ನೆಟ್ಟಗೆ ಮಾಡಿ ನಿಂತಿತು. ಕೊಳ್ಳದಿಂದ ಮಾತು ಕೇಳಿಸುತ್ತಿತ್ತು, ಒಬ್ಬಿಬ್ಬರದಲ್ಲ. ಅವಳ ಎದೆ ಹಿಗ್ಗಿತು. ಬಂಡೆಯ ಅಂಚಿಗೆ ಹೋಗಿ ಭಜಿ ಅಂಗಡಿಯ ಗಂಟಲಿನಲ್ಲೇ ಕೂಗಿದಳು:

"ಯಾರಲೇ ಅದು? ಗುದ್ದಲಿ ಅಲ್ಲೇ ಒಗದು ಮ್ಯಾಲ ಬರ್ರಿ! ಪೊಲೀಸರು ಬರಾಕತ್ತಾರ!"

ಕೆಳಗಿನಿಂದ ಒಬ್ಬ ಹೆಣ್ಣುಮಗಳ ದನಿ ಬಂತು: "ಗುದ್ದಲಿ ಇಲ್ರಿ ಅಮ್ಮಾ! ನಮಗ ಹಾದಿ ತಪ್ಪೇತ್ರಿ!"

"ಕಳ್ಳರೆಲ್ಲಾ ಹಂಗ ಅಂತಾರ!"

"ನನ್ನ ಕಾಲು ಉಳುಕೇತ್ರಿ, ಸಣ್ಣ ಹುಡುಗ್ರದಾವ್ರಿ!"

ಇದೂ ನಾಟಕವಿರಬಹುದು ಎನ್ನಿಸಿತು. ಆದರೆ ಒಂದು ಮಗು ಅಳುವುದು ಸ್ಪಷ್ಟವಾಗಿ ಕೇಳಿತು. ಜಮಾದಾರ ಆಗಲೇ ಆಡಿನ ಜಾಡು ಹಿಡಿದು ಇಳಿಯುತ್ತಿತ್ತು. ಕೋಲೂರಿ ಅವಳೂ ಇಳಿದಳು.

ಕೆಳಗೆ ಮುಳ್ಳುಗಳ ನಡುವೆ ಒಂದು ದೊಡ್ಡ ಗುಂಪೇ ನಿಂತಿತ್ತು. ಹೊಸ ಬೂಟು ಹಾಕಿದ ಹೆಂಗಸರು, ಮಂಕಿ ಟೋಪಿಯ ಒಬ್ಬ ದಪ್ಪ ಗಂಡಸು, ಬಿಸ್ಕೀಟು ಹಿಡಿದ ಮಕ್ಕಳು. ಎಲ್ಲರ ಕೈಯೂ ತರಚಿತ್ತು. ಕೊರಳಲ್ಲಿ ಕ್ಯಾಮೆರಾ ಇದ್ದ ಹುಡುಗ ಮುಂದೆ ಬಂದು ಕೈ ಮುಗಿದ.

"ನಾ ಸಲ್ಮಾನ ರೀ, ಬಸ್‌ಸ್ಟ್ಯಾಂಡ್ ಹತ್ರ ಸ್ಟುಡಿಯೋ ಐತಿ. ಬಾಗಲಕೋಟಿಯಿಂದ ಇವರನ್ನ ಗುಡ್ಡ ತೋರಸಾಕ ಕರ್ಕೊಂಡು ಬಂದಿದ್ದೆ. ಫೋಟೋ ತಗಿತಾ ನಾ ಹಿಂದ ಉಳದೆ, ಬಾಣ ನೋಡ್ಕೊಂಡು ಇವರು ಮುಂದ ಹೋಗಿಬಿಟ್ರು. ಕರಿಯಾಕ ಬಂದು ನಾನೂ ಸಿಕ್ಕೊಂಡೆ. ಗುಡಿ ಹಾದಿಗೆ ಹಾಕಿದ್ದ ಬಾಣ ಇಲ್ಲಿ ಹ್ಯಾಂಗ ಬಂತೋ ತಿಳಿವಲ್ದು."

ಗುರುಲಿಂಗವ್ವನ ಕೈ ಸೊಂಟದ ಸಂಚಿಯ ಮೇಲೆ ಹೋಯಿತು. ಬಂಡೆಯೊಂದರ ಮೇಲೆ ಕೂತಿದ್ದ, ಮೇಲಕ್ಕೆ ಕೂಗಿ ಉತ್ತರ ಕೊಟ್ಟಿದ್ದ ಜರೀನಾ ಎಂಬ ಸಾಲೆಯ ಟೀಚರು ಊದಿದ ಪಾದವನ್ನು ಎರಡೂ ಕೈಯಿಂದ ಹಿಡಿದು ನೋವಿನಲ್ಲೂ ಮುಗುಳ್ನಕ್ಕಳು. "ದೇವರ ಕಳಸಿದಂಗ ಬಂದ್ರಿ ಅಮ್ಮಾ."

ಗುರುಲಿಂಗವ್ವ ತಲೆಯ ಶಾಲು ಬಿಚ್ಚಿ ಆ ಪಾದಕ್ಕೆ ಬಿಗಿಯಾಗಿ ಸುತ್ತಿದಳು. ಕೂಗಾಟ ಕೇಳಿ ಅಮಾತೆಪ್ಪನೂ ಇಳಿದು ಬಂದಿದ್ದ. ಕೇಳುವ ಮೊದಲೇ ತನ್ನ ಕಂಬಳಿ ಹಾಸಿದ. ಜರೀನಾಳನ್ನು ಅದರಲ್ಲಿ ಕೂರಿಸಿ ನಾಲ್ಕು ಮೂಲೆ ಹಿಡಿದು ಹೊತ್ತರು. ಆಡಿನ ಜಾಡಿನಲ್ಲಿ ಜಮಾದಾರ ಮುಂದೆ, ಅದರ ಹಿಂದೆ ಮಕ್ಕಳು. ನಿಲ್ಲುತ್ತ ಏದುತ್ತ ಎಲ್ಲರೂ ಕವಲಿನವರೆಗೆ ಹತ್ತಿ ಬಂದರು.

ಅಲ್ಲಿ ಸಲ್ಮಾನ ಬಾಣವನ್ನು ಉಗುರಿನಿಂದ ಕೆರೆದು ನೋಡಿದ. "ಇದು ನನ್ನ ಪೇಂಟ್ ಅಲ್ಲ. ಸುಣ್ಣ. ಯಾರೋ ಬೇಕಂತ ಕೊಳ್ಳದ ಕಡೆ ಹೊಳ್ಳಿಸ್ಯಾರ."

ಮಂಕಿ ಟೋಪಿಯವನ ಕಣ್ಣು ಅಮಾತೆಪ್ಪನ ಮೇಲೆ ನಿಂತಿತು. "ಕರಿಯೋದಕ್ಕ ಮೊದಲ ಕಂಬಳಿ ತಗೊಂಡು ತಯಾರ್ ಇದ್ದ ನೋಡ್ರಿ ಇವ."

"ಹೌದ್ರಿ" ಎಂದ ಸಲ್ಮಾನ. "ನಾ ಬಾಣ ಹಾಕಾಕ ಬಂದಾಗ ಆಡು ಬೆದರತಾವ ಅಂತ ಇವರು ಸಿಟ್ಟಾಗಿದ್ರು."

"ನಾ ಯಾಕ್ ಹಂಗ ಮಾಡ್ಲಿ ಯಪ್ಪಾ..." ಅಮಾತೆಪ್ಪ ತಡವರಿಸಿದ. ಮಂಕಿ ಟೋಪಿಯವನು ಅವನ ಅಂಗಿಯ ಕೊರಳಪಟ್ಟಿ ಹಿಡಿದ. "ಖರೆ ಹೇಳಲೇ! ಹುಡುಗರು ಸತ್ತಿದ್ರ?"

ಅಮಾತೆಪ್ಪ ಬಿಡಿಸಿಕೊಳ್ಳಲಿಲ್ಲ. ಗುರುಲಿಂಗವ್ವನ ಕಡೆ ತಿರುಗಿ ನೋಡಿದ. ತನ್ನನ್ನು ಬಲ್ಲವಳು ಒಂದು ಮಾತು ಹೇಳುತ್ತಾಳೆ ಎಂದು ಕಾಯುವ ನೋಟ ಅದು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇವರು ನಾಳೆ ಬಾಗಲಕೋಟೆಯಲ್ಲಿರುತ್ತಾರೆ. ಇವನೂ ಸುಮ್ಮನಾಗುತ್ತಾನೆ. ಆ ಗಂಡಸು ಅಮಾತೆಪ್ಪನನ್ನು ಹಿಡಿದು ಅಲುಗಾಡಿಸಿದಾಗ ಅವನ ತಲೆಯ ರುಮಾಲು ಜಾರಿ ಕೆಳಗೆ ಬಿತ್ತು.

"ಬಿಡೋ ಅವನ್ನ!" ಅವಳು ಮುಂದೆ ಬಂದಳು. "ಬಾಣ ಹೊಳ್ಳಿಸಿದಾಕಿ ನಾನು."

ಮೊದಲು ಯಾರೂ ನಂಬಲಿಲ್ಲ. ಅವಳು ಸಂಚಿ ಬಿಚ್ಚಿ ಡಬ್ಬಿ ತೋರಿಸಿದಳು.

"ನಿಮಗ ತಲಿ ಐತೇನ್ರಿ?" ಸಲ್ಮಾನ ಕೂಗಿಬಿಟ್ಟ. "ಒಂದ್ ಮಾತು ಕೇಳಬೇಕಿಲ್ಲೇನು?"

"ಕಳ್ಳನ್ನ ಕೇಳಿದ್ರ ಖರೆ ಹೇಳ್ತಾನೇನು ತಮ್ಮಾ?" ಎಂದು ಬಾಯಿಗೆ ಬಂದದ್ದನ್ನು ಹೇಳಿದಳು. ಆಮೇಲೆ ನಾಚಿ, ಗುಡಿಯ ಕಡೆ ಕೈ ಮಾಡಿ ಬಸವಣ್ಣನ ಕತೆ ಹೇಳಿದಳು. ಗೆರೆ ಬಿದ್ದದ್ದು, ತಾನು ಹೇಳಿದ್ದು, ಎಲ್ಲರೂ ನಕ್ಕಿದ್ದು. ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು. ಜರೀನಾ ಕಂಬಳಿಯ ಮೇಲೆ ಕೂತೇ ಎಲ್ಲ ಕೇಳಿಸಿಕೊಂಡಳು. "ಆವಾಗ ನಿಮ್ಮ ಮಾತು ಯಾರರೆ ಕೇಳಿದ್ರ ಇವತ್ತ ಹಿಂಗ ಆಗತಿರಲಿಲ್ಲ ನೋಡ್ರಿ" ಎಂದಳು. ನೋವಿನಿಂದ ಮುಖ ಕಿವುಚಿ, "ಆದ್ರ ನನ್ನ ಕಾಲು ಏನ್ ತಪ್ಪು ಮಾಡಿತ್ತು ಅಮ್ಮಾ?" ಎಂದೂ ಕೇಳಿದಳು. ಗುರುಲಿಂಗವ್ವ ಬಾಗಿ ಸಡಿಲಾದ ಶಾಲನ್ನು ಮತ್ತೆ ಬಿಗಿದಳು.

ಎಲುಬು ಮುರಿದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದರು. ಪಟ್ಟಿ ಕಟ್ಟಿದ್ದು ಮಹೇಶ್ವರಿಯೇ. ವಿಷಯ ತಿಳಿದ ಮೇಲೆ ಅವಳು ತಾಯಿಯ ಕಡೆ ಒಮ್ಮೆ ನೋಡಿದಳು, ಅಷ್ಟೆ. ಮನೆಯಲ್ಲಿ ಎರಡು ದಿನ ತಾಟು ಸದ್ದು ಮಾಡಿದವೇ ಹೊರತು ಅವಳು ಮಾತಾಡಲಿಲ್ಲ. ಸಲ್ಮಾನ ಅಮಾತೆಪ್ಪನ ಕೈ ಹಿಡಿದು ತಪ್ಪಾಯಿತೆಂದ. ಆಮೇಲೆ ತಾನಾಗಿಯೇ ಗುಡಿಗೆ ಹೋಗಿ ಮುರಿದ ಕೋಡಿನ ಚಿತ್ರ ತೆಗೆದು ಪೊಲೀಸರಿಗೆ ಕೊಟ್ಟ. ಅವರು ಒಮ್ಮೆ ಬಂದು ನೋಡಿಕೊಂಡು ಹೋದರು. ಮಂಕಿ ಟೋಪಿಯವನು ಮಾತ್ರ ಯಾರಿಗೂ ಏನೂ ಹೇಳದೆ ಬಸ್ಸು ಹತ್ತಿದ್ದ.

ಅಮಾತೆಪ್ಪ ಆಡುಗಳನ್ನು ಗುಡ್ಡದ ಇನ್ನೊಂದು ಮಗ್ಗುಲಿಗೆ ಹೊಡೆಯತೊಡಗಿದ. ಗುರುಲಿಂಗವ್ವನೇ ಸುತ್ತು ಹಾಕಿ ಅಲ್ಲಿಗೆ ಹೋದಳು.

"ಸಿಟ್ಟಾಗೀಯೇನು?"

"ಸುಣ್ಣ ಹಚ್ಚಿದ್ದಕ್ಕ ಸಿಟ್ಟಿಲ್ಲ ಯಕ್ಕಾ." ಅವನು ಆಡಿನ ಕಡೆಗೇ ನೋಡುತ್ತಿದ್ದ. "ಅವ ಕೊಳ್ಳಪಟ್ಟಿ ಹಿಡದಾಗ ನೀ ತಡಾ ಮಾಡಿದಿ."

"ಹೌದು, ತಡಾ ಮಾಡಿದೆ."

"ನಾ ಕಳ್ಳ ಇರಬಹುದು ಅಂದ್ಕೊಂಡಿದ್ದಿಯೇನು?"

ಸುಳ್ಳು ಹೇಳಬಹುದಿತ್ತು. "ಮೊದಲ ಅಂದ್ಕೊಂಡಿದ್ದೆ" ಎಂದಳು. "ಆ ಹೊತ್ತಿನ್ಯಾಗ ಅಲ್ಲ. ಆವಾಗ ನನಗ ನನ್ನ ಮಾನದ ಚಿಂತಿ ಇತ್ತು."

ಅವನು ಕೋಲೆತ್ತಿ ಆಡುಗಳನ್ನು ಮುಂದೆ ಹೊಡೆದ. ಅವಳು ಇಳಿದು ಬಂದಳು. ಹಾಗೇ ಅರ್ಧ ಚಳಿಗಾಲ ಕಳೆಯಿತು. ಎದುರಾದರೆ ಅವನು ತಲೆಯಾಡಿಸುತ್ತಿದ್ದ, ನಿಲ್ಲುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೊಂದು ಬೆಳಿಗ್ಗೆ ಅವಳು ಬಂಡೆಗೆ ಬೆನ್ನು ಕೊಟ್ಟು ಕೂತಿದ್ದಾಗ ಅಮಾತೆಪ್ಪ ಆಡುಗಳ ಸಮೇತ ಬಂದು ನಿಂತ.

"ಯಕ್ಕಾ, ಮರಿ ಒಂದು ತಪ್ಪಿಸಿಕೊಂಡೈತಿ. ಹುಡುಕ್ಕೊಂಡು ಬರ್ತೇನಿ. ಇವನ್ನ ಒಂಚೂರು ನೋಡ್ಕೊ."

ಉತ್ತರಕ್ಕೆ ಕಾಯದೆ ಅವನು ಇಳಿಜಾರಿನಲ್ಲಿ ಮರೆಯಾದ. ಗುರುಲಿಂಗವ್ವ ಕೋಲು ಹಿಡಿದು ಎದ್ದು ನಿಂತಳು. ಇಷ್ಟು ದಿನ ಮಾತಾಡದವನು ಇವತ್ತೇಕೆ ಹೀಗೆ ಇಡೀ ಹಿಂಡನ್ನೇ ಒಪ್ಪಿಸಿ ಹೋದ? ಮರಿ ನಿಜವಾಗಿಯೂ ತಪ್ಪಿಸಿಕೊಂಡಿದೆಯೋ ಇಲ್ಲವೋ? ಅವಳು ಹಿಂಡಿನ ಸುತ್ತ ಒಂದು ಸುತ್ತು ಬಂದಳು. ತಾಯಿ ಆಡೊಂದು ಒಂದೇ ಸಮನೆ ಕೂಗುತ್ತಿತ್ತು, ಅದರ ಕೆಚ್ಚಲು ತುಂಬಿತ್ತು. ಖರೆ ಇರಬೇಕು ಎಂದುಕೊಂಡಳು. ಬಾರಿ ಕಂಟಿಯ ಕಡೆ ಹೊರಟ ಎರಡು ಆಡುಗಳನ್ನು ಜಮಾದಾರ ಅಡ್ಡಗಟ್ಟಿತು. ಬಿಸಿಲು ಚೆನ್ನಾಗಿ ಏರಿತ್ತು. ಅವನು ಬರುವವರೆಗೂ ಅವಳು ಕೂರಲಿಲ್ಲ.